ಗುಲಾಬಿಯ ಬುಡಕ್ಕೆ ಅಕ್ಕಚ್ಚು

ಗೆಳತಿಯ ಮಗಳೊಬ್ಬಳು ಓದು ಮುಗಿಸಿ, ಮನೆಗಳ ಕೈತೋಟ ಮಾಡಿಕೊಡುವ ಕಂಪನಿಯೊಂದಕ್ಕೆ ಸೇರಿದ್ದಾಳೆ. ಹೋದ ವಾರ ಮನೆಗೆ ಬಂದು, "ಆಂಟಿ, ನೀವು ರಿಟೈರ್ ಆಗೋವರೆಗೂ ಇದೇ ಕೆಲಸ ಮಾಡಿದೀರಲ್ಲ, ಸ್ವಲ್ಪ ಟಿಪ್ಸ್ ಕೊಡಿ" ಎಂದಳು. ತೊಡೆಯ ಮೇಲೆ ಲ್ಯಾಪ್‌ಟಾಪು, ನಾನು ಹೇಳಿದ್ದನ್ನೆಲ್ಲ ಟೈಪು ಮಾಡಿಕೊಳ್ಳುವ ಹುಮ್ಮಸ್ಸು. ಅವಳ ಉಗುರು ನೋಡಿದೆ. ಹತ್ತಕ್ಕೂ ತಿಳಿನೀಲಿ ಬಣ್ಣ, ಒಂದರಲ್ಲೂ ಮಣ್ಣಿಲ್ಲ. ನಗು ಬಂತು, ನಗಲಿಲ್ಲ. ಯಾಕೆಂದರೆ ನಾನು ನರ್ಸರಿ ಕೆಲಸಕ್ಕೆ ಸೇರಿದ ದಿನ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಅಮೆರಿಕದಲ್ಲಿ ಮೊದಲ ಕೆಲಸ, ಅದೂ ಶುಕ್ರವಾರ, ಸುಮ್ಮನೆ ಹೋಗಲಾದೀತೆ?

ಲಿವರ್‌ಮೋರಿನ ಅಂಚಿನಲ್ಲಿ, ದ್ರಾಕ್ಷಿ ತೋಟಗಳ ಮಗ್ಗುಲಲ್ಲಿದ್ದ ಗಿಡಗಳ ನರ್ಸರಿ ಅದು. ಯಜಮಾನಿ ರೂತ್ ಎಂಬ ಅರವತ್ತು ದಾಟಿದ ಹೆಂಗಸು. ಮುಖವೆಲ್ಲ ಬಿಸಿಲಿನ ಗೆರೆ, ಸೊಂಟದಲ್ಲಿ ಸದಾ ಕತ್ತರಿ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಜೊತೆ ರಬ್ಬರ್ ಬೂಟು ತಂದು ಮುಂದಿಟ್ಟಳು. ಆ ದಿನವೆಲ್ಲ ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ನೀರಿನ ಪೈಪು. ಸಂಜೆ ಮನೆಗೆ ಬಂದಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, "ಮದುವೆ ಮನೇಲಿ ಬಾವಿಗೆ ಬಿದ್ಯಾ?" ಎಂದು ಕೇಳಿದ್ದರು. ಅವರು ಚಿಪ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೆಳಿಗ್ಗೆ ಆರಕ್ಕೆ ಫ್ರೀವೇ ಹತ್ತಿದರೆ ಕತ್ತಲಾದ ಮೇಲೇ ಇಳಿಯುತ್ತಿದ್ದದ್ದು. ನನಗೆ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ ನೋಡಿ ನೋಡಿ ಸಾಕಾಗಿತ್ತು. ಹಾಸನದ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಬರುವುದೊಂದೇ ಕೆಲಸ, ಮಣ್ಣಿನದು. ಅದನ್ನೇ ಹಿಡಿದೆ.

ಎರಡು ವರ್ಷ ಪೈಪು ಹಿಡಿದ ಮೇಲೆ ರೂತ್ ನನ್ನನ್ನು ಗಿರಾಕಿಗಳ ಮನೆಗೆ ಗಿಡ ನೆಡಲು ಕಳಿಸತೊಡಗಿದಳು. ನನ್ನ ಪಾಲಿಗೆ ಬಂದದ್ದು ಬೋಳು ಬುಡದ ಕೆಲಸ. ಇದನ್ನು ಹುಡುಗಿ, ನೀನು ಬರೆದುಕೊ. ಗುಲಾಬಿ, ಹಾಲಿಹಾಕ್, ಲಿಲ್ಲಿ, ಇಂಥ ಎತ್ತರದ ಗಿಡಗಳಿಗೆಲ್ಲ ಒಂದೇ ರೋಗ. ಬಿಸಿಲಿಗೆ ಆಸೆಪಟ್ಟು ಮೇಲೆ ಮೇಲೆ ಹೋಗುತ್ತವೆ, ಕೆಳಗಿನ ಎಲೆ ಉದುರಿಸಿಕೊಳ್ಳುತ್ತವೆ. ತಲೆಗೆ ಮೈಸೂರು ಪೇಟ, ಸೊಂಟಕ್ಕೆ ಪಂಚೆಯೇ ಇಲ್ಲ. ಆ ಬುಡದ ಸುತ್ತ ಗಿಡ್ಡ ಗಿಡಗಳನ್ನು ನೆಟ್ಟು ಮಾನ ಮುಚ್ಚುವುದು ನಮ್ಮ ಕೆಲಸ. ಗಿಡ್ಡ ಗಿಡ ಎತ್ತರದ್ದರ ಊಟ ಕಸಿಯಬಾರದು, ಅದರ ನೆರಳಿನಲ್ಲಿ ಸೊರಗಲೂಬಾರದು. ಕೂಡಿ ಬಾಳಬೇಕು. ಅತ್ತೆ ಸೊಸೆಯನ್ನು ಒಂದೇ ಅಡುಗೆಮನೆಯಲ್ಲಿ ಬಿಟ್ಟ ಹಾಗೆ.

ನನಗೆ ಇದೇನು ಮಹಾ ಅನಿಸಿತ್ತು. ನಮ್ಮಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ನಡುವೆ ಹುಚ್ಚೆಳ್ಳು, ಜೋಳ. ಗೇಣಗಲ ನೆಲ ಖಾಲಿ ಕಂಡರೂ ಅವರಿಗೆ ಸಂಕಟ. ಆ ರಕ್ತವೇ ನನ್ನದು. ಬುಡ ಬೋಳಾಗಿದ್ದು ಕಂಡರೆ ನನ್ನ ಕೈ ತಾನಾಗಿ ಸೊಪ್ಪಿನ ಕಡೆ ಹೋಗುತ್ತಿತ್ತು. ಮೊದಲ ಎಡವಟ್ಟು ಆದದ್ದೂ ಅದರಿಂದಲೇ.

ಅದು ಡಾಟ್‌ಕಾಮ್ ಕಾಲ. ಹೋದ ವರ್ಷ ಬಾಡಿಗೆ ಕೋಣೆಯಲ್ಲಿ ಮ್ಯಾಗಿ ತಿನ್ನುತ್ತಿದ್ದ ಹುಡುಗರು ಈ ವರ್ಷ ಮನೆ ಕೊಂಡು, ಹಿತ್ತಲಿಗೆ ತೋಟ ಬೇಕು ಎಂದು ನಮ್ಮ ನರ್ಸರಿಗೆ ಬರುತ್ತಿದ್ದರು. ತೋಟ ಬೇಕು ಅಂದರೆ ಯಾವತ್ತು ಬೇಕು? ಶನಿವಾರ ಬೇಕು. ಬೆರ್ರಿಯೆಸಾದಲ್ಲಿ ಮನೆ ತೆಗೆದುಕೊಂಡಿದ್ದ ಪ್ರಶಾಂತ ಅಂಥವನೊಬ್ಬ, ಬೆಂಗಳೂರಿನವನು. ಕಂಪನಿಯವರಿಗೆಲ್ಲ ಮನೆಯಲ್ಲಿ ಪಾರ್ಟಿ ಇಟ್ಟುಕೊಂಡಿದ್ದ. "ಆಂಟಿ, ಇರೋದ್ರಲ್ಲೇ ಟಾಲೆಸ್ಟ್ ಯಾವುದೋ ಅದೇ ಹಾಕಿ. ಬೆಳೆಯೋವರೆಗೂ ಕಾಯೋಕೆ ಟೈಮಿಲ್ಲ" ಎಂದ. ಹೂ ಬಿಟ್ಟು ನಿಂತಿದ್ದ ಆಳೆತ್ತರದ ಹಾಲಿಹಾಕ್‌ಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ನೆಟ್ಟೆವು. ಬುಡವೆಲ್ಲ ಬಟಾಬಯಲು. ನಾನು ಹಿಂದೆ ಮುಂದೆ ನೋಡದೆ ಬುಡದುದ್ದಕ್ಕೂ ಪುದೀನ ಊರಿದೆ. ಹಸಿರಿಗೆ ಹಸಿರೂ ಆಯಿತು, ಹುಡುಗನಿಗೆ ಚಟ್ನಿಗೂ ಆಯಿತು ಎಂಬ ಜಾಣತನ.

ಪಾರ್ಟಿಯಲ್ಲಿ ಎಲ್ಲರೂ ಘಮಘಮ ಅಂದರಂತೆ. ಮುಂದಿನ ಬೇಸಿಗೆಗೆ ಫೋನು ಬಂತು. "ಆಂಟಿ, ಇದು ನಮ್ಮ ಕಂಪನಿಗಿಂತ ಫಾಸ್ಟಾಗಿ ಬೆಳೀತಾ ಇದೆ!" ಹೋಗಿ ನೋಡಿದರೆ ಹಾಲಿಹಾಕ್ ಒಂದೂ ಇಲ್ಲ. ಪುದೀನ ಬೇಲಿ ನುಸುಳಿ ಪಕ್ಕದ ಮನೆಯ ಹುಲ್ಲುಹಾಸಿಗೆ ಹೋಗಿದೆ, ಕಾರು ನಿಲ್ಲಿಸುವ ಕಾಂಕ್ರೀಟಿನ ಬಿರುಕಿನಲ್ಲೂ ತಲೆ ಎತ್ತಿದೆ. ರೂತ್ ಬೈಯಲಿಲ್ಲ. ಸಣ್ಣ ಗುದ್ದಲಿ ಕೈಗಿತ್ತು, ಮೂರು ಶನಿವಾರ ನನ್ನ ಕೈಯಲ್ಲೇ ಅದನ್ನೆಲ್ಲ ಕೀಳಿಸಿದಳು. ಪುದೀನ ಕಿತ್ತರೆ ಹೋಗುವ ಜಾತಿಯೇ? ಅದರ ಮುಂದಿನ ವರ್ಷ ಪ್ರಶಾಂತನ ಕಂಪನಿ ಬಾಗಿಲು ಹಾಕಿತು. ಗ್ರೋಸರಿ ಅಂಗಡಿಯಲ್ಲಿ ಸಿಕ್ಕಾಗ ಪಾಪ, ನಗುತ್ತಲೇ ಹೇಳಿದ, "ಕಂಪನಿ ಹೋಯ್ತು ಆಂಟಿ. ಪುದೀನ ಇದೆ."

ಪುದೀನವನ್ನು ನೆಲಕ್ಕೆ ಊರಬೇಡ, ಕುಂಡದಲ್ಲಿಡು. ಇದು ನಿನ್ನ ಒಂದನೇ ಟಿಪ್ಸು.

ಆ ಕೀಳುವ ಶನಿವಾರಗಳಲ್ಲೇ ರೂತ್ ತನ್ನ ವಿದ್ಯೆ ನನಗೆ ಕಲಿಸಿದ್ದು. ಆಗೆಲ್ಲ ಕಂಪ್ಯೂಟರಿನಲ್ಲಿ ತೋಟದ ಚಿತ್ರ ಬಿಡಿಸುವ ಪದ್ಧತಿ ನಮ್ಮಲ್ಲಿಗೆ ಬಂದಿರಲಿಲ್ಲ. ಕೋಲಿನಲ್ಲಿ ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದೆವು. ಗೆರೆ ಎಳೆಯುವ ಮೊದಲು ತೋಟವನ್ನು ಮೂರು ಕಡೆಯಿಂದ ನೋಡು ಎನ್ನುತ್ತಿದ್ದಳು ರೂತ್. ರಸ್ತೆಯಿಂದ ನೋಡು, ಅಡುಗೆಮನೆ ಕಿಟಕಿಯಿಂದ ನೋಡು, ಕಾರಿನ ಸೀಟಿನಲ್ಲಿ ಕೂತು ನೋಡು. ಅಮೆರಿಕದವರು ತಮ್ಮ ಮನೆಯನ್ನು ಜಾಸ್ತಿ ನೋಡುವುದು ಕಾರಿನೊಳಗಿಂದಲೇ, ಅದು ನಿಜ. ನಾನೂ ಶ್ರದ್ಧೆಯಿಂದ ಮೂರು ಕಡೆಯಿಂದ ನೋಡುತ್ತಿದ್ದೆ. ನಾಲ್ಕನೆಯ ಕಡೆಯೊಂದಿದೆ ಎಂದು ರೂತ್‌ಗೂ ಗೊತ್ತಿರಲಿಲ್ಲ. ಅದನ್ನು ನನಗೆ ಕಲಿಸಿದವರು ಮಂಡ್ಯದ ಕಡೆಯ ನಿಂಗಮ್ಮನವರು.

ಲಿವರ್‌ಮೋರಿನ ಪಕ್ಕದ ಊರು ಡಬ್ಲಿನ್‌ನಲ್ಲಿ ಆಗ ಗುಡ್ಡ ಅಗೆದು ಅಗೆದು ಹೊಸ ಮನೆ ಕಟ್ಟುತ್ತಿದ್ದರು. ಅಂಥ ಒಂದು ಬಡಾವಣೆಯಿಂದ ಡಾಕ್ಟರ್ ಸುಜಾತ ಎಂಬವರು ಫೋನು ಮಾಡಿದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಎರಡು ಚಿಕ್ಕ ಮಕ್ಕಳು, ಅವನ್ನು ನೋಡಿಕೊಳ್ಳಲು ಊರಿಂದ ಬಂದಿದ್ದ ತಾಯಿ ನಿಂಗಮ್ಮ. ಬಡಾವಣೆಯ ಅಸೋಸಿಯೇಷನ್ನಿನಿಂದ ಕಾಗದ ಬಂದಿತ್ತು. ಈ ಅಸೋಸಿಯೇಷನ್ನು ಅಂದರೆ ನಮ್ಮೂರಿನ ಪಂಚಾಯಿತಿ ಕಟ್ಟೆಯೇ, ಕಟ್ಟೆ ಮಾತ್ರ ಇಲ್ಲ. ಮನೆ ಮುಂದಿನ ಎಂಟು ಗುಲಾಬಿ ಗಿಡಗಳು ಮಿತಿ ಮೀರಿ ಬೆಳೆದಿವೆ, ಬರೀ ಮುಳ್ಳುಕಡ್ಡಿ ಕಾಣುತ್ತದೆ, ಬೀದಿಗೆ ಶೋಭೆಯಲ್ಲ. ಒಂದೋ ಕತ್ತರಿಸಿ ಗಿಡ್ಡ ಮಾಡಿ, ಇಲ್ಲ ಬುಡ ಮುಚ್ಚುವಂತೆ ಏನಾದರೂ ಬೆಳೆಸಿ. ಬೇಸಿಗೆ ಮುಗಿಯುವುದರೊಳಗೆ ಎರಡೂ ಆಗದಿದ್ದರೆ ಗಿಡ ಕೀಳಿಸಬೇಕಾಗುತ್ತದೆ. ಕಾಗದದ ಸಾರ ಇಷ್ಟು.

ನೋಡಲು ಹೋದೆ. ಅಬ್ಬಾ, ಎಂಥ ಗುಲಾಬಿ! ಒಂದೊಂದೂ ನನಗಿಂತ ಎತ್ತರ. ತುದಿಯಲ್ಲಿ ಗೊಂಚಲು ಗೊಂಚಲು ಹೂ, ಸೊಂಟದ ಕೆಳಗೆ ಒಂದು ಎಲೆ ಇಲ್ಲ. ನಾನು ಕತ್ತರಿ ತೆಗೆದದ್ದೇ ತಡ, ಬಾಗಿಲಿನಿಂದ ದನಿ ಬಂತು.

"ಏ, ಏ, ಮಡಗವ್ವ ಕೆಳಗೆ! ಹೂ ಬುಡೋ ಗಿಡಕ್ಕೆ ಯಾರಾದ್ರೂ ಕತ್ರಿ ಹಾಕ್ತಾರಾ?"

ನಿಂಗಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ಸೀರೆಯ ಮೇಲೆ ಅಳಿಯನ ಸ್ವೆಟರು. ಆ ಗುಲಾಬಿಯ ಹೂವನ್ನು ಶನಿವಾರ ಶನಿವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಒಯ್ಯುತ್ತಾರೆ ಎಂದು ಸುಜಾತ ಹೇಳಿದರು. ಕತ್ತರಿಸಿದರೆ ಮತ್ತೆ ಚಿಗುರಿ ಇನ್ನೂ ಜಾಸ್ತಿ ಹೂ ಬಿಡುತ್ತದೆ ಎಂದು ನಾನು ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮಪ್ಪನ ಮನೇಲಿ ಹಂಗೇ ಮಾಡ್ತಿದ್ರಾ?" ಎಂದರು. ನಾನು ಸೋತೆ. ಸರಿ, ಬುಡ ಮುಚ್ಚೋಣ ಎಂದೆ.

"ಬುಡಕ್ಕೆ ಒಂದಿಷ್ಟು ದಂಟು, ಮೆಂತ್ಯ ಹಾಕ್ಕೊಡ್ಲಾ ಅಮ್ಮಾ? ಕಾಣಿಸೋ ಕಡೆ ಹೂವಿನ ಗಿಡ, ಒಳಗಡೆ ಸೊಪ್ಪು. ಅಸೋಸಿಯೇಷನ್ನಿಗೆ ಗೊತ್ತೂ ಆಗಲ್ಲ."

"ಬ್ಯಾಡ ಬುಡವ್ವ, ಸೊಪ್ಪು ಯಾಕೆ. ಅಂಗ್ಡೀಲಿ ಸಿಕ್ತದೆ" ಎಂದು ಅವರು ಒಳಗೆ ಹೋದರು.

ಇಲ್ಲಿ ನನ್ನ ತಲೆಗೆ ಹೊಳೆಯಬೇಕಿತ್ತು. ಮಂಡ್ಯದ ಕಡೆಯ ಹೆಂಗಸು ಮನೆ ಮುಂದಿನ ಪುಕ್ಕಟೆ ಸೊಪ್ಪು ಬೇಡ ಅಂದಳೆಂದರೆ ಎಲ್ಲೋ ಏನೋ ಸರಿಯಿಲ್ಲ ಎಂದು ಅರ್ಥ. ನನಗೆ ಹೊಳೆಯಲಿಲ್ಲ. ಪುದೀನದಿಂದ ಪಾಠ ಕಲಿತ ಜಾಣೆ ನಾನು, ಪುಸ್ತಕ ನೋಡಿ ಲ್ಯಾವೆಂಡರ್, ಥೈಮ್ ತಂದು ನೆಟ್ಟೆ. ಬಿಸಿಲು ತಡೆಯುತ್ತವೆ, ನೀರು ಕೇಳುವುದಿಲ್ಲ, ಗುಲಾಬಿಯ ಜೊತೆ ಜಗಳವಿಲ್ಲ. ಮೂರು ಕಡೆಯಿಂದ ನೋಡಿ, ಭೇಷ್ ಎಂದುಕೊಂಡು ಬಂದೆ.

ಮೂರು ವಾರಕ್ಕೆ ಎಲ್ಲ ಕೊಳೆತು ಹೋದವು. ಬೇರಿಗೆ ನೀರು ನಿಂತು ಕಪ್ಪಾಗಿತ್ತು. "ಯಾರು ನೀರು ಹಾಕ್ತೀರಿ?" ಎಂದು ಕೇಳಿದೆ. "ಯಾರೂ ಇಲ್ಲ ಜಯಕ್ಕ, ಪೈಪಿನ ಹನಿ ನೀರು ಅಷ್ಟೇ" ಎಂದರು ಸುಜಾತ. "ನಾನ್ಯಾಕವ್ವ ನೀರು ಹಾಕ್ಲಿ?" ಎಂದರು ನಿಂಗಮ್ಮ. ಹನಿ ನೀರಿನ ಪೈಪು ಕಿತ್ತು, ಮತ್ತೆ ಲ್ಯಾವೆಂಡರ್ ನೆಟ್ಟೆ. ಅವೂ ಕೊಳೆತವು. ರೂತ್ ಸತ್ತ ಗಿಡವೊಂದನ್ನು ಮೂಸಿ ನೋಡಿ, ಮೂರನೆಯ ಸಲವೂ ಸತ್ತರೆ ನೀನು ವಾಪಸು ನೀರಿನ ಪೈಪು ಹಿಡಿ, ಆ ಕೆಲಸದಲ್ಲಾದರೂ ನಿನ್ನಿಂದ ಏನೂ ಸತ್ತಿರಲಿಲ್ಲ ಎಂದಳು. ಅವಳ ತಮಾಷೆ ಯಾವಾಗಲೂ ಅರ್ಧ ನಿಜ ಇರುತ್ತಿತ್ತು. ಬೇಸಿಗೆ ಮುಗಿಯಲು ಒಂದು ತಿಂಗಳು ಉಳಿದಿತ್ತು.

ನನಗೆ ಛಲ ಬಂತು. ಒಂದು ದಿನ ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ ಎದುರು ಬದಿಯಲ್ಲಿ ಲಾರಿ ನಿಲ್ಲಿಸಿ, ಟೊಪ್ಪಿ ಹಣೆಗೆ ಎಳೆದುಕೊಂಡು ಕಾದು ಕೂತೆ. ಕಳ್ಳನನ್ನು ಹಿಡಿಯುವ ಪೊಲೀಸಿನ ಹಾಗೆ. ಸುಜಾತ, ಅವರ ಗಂಡ ಇಬ್ಬರೂ ಕಾರು ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ನಿಂಗಮ್ಮನವರು ಕೈಯಲ್ಲೊಂದು ಸ್ಟೀಲ್ ಪಾತ್ರೆ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಪಾತ್ರೆಯಲ್ಲಿದ್ದ ಬೆಳ್ಳನೆಯ ನೀರನ್ನು ನಿಂತಲ್ಲಿಂದಲೇ ಗುಲಾಬಿಯ ಬುಡಕ್ಕೆ ಧಾರೆಯಾಗಿ ಸುರಿದರು. ಒಳಗೆ ಹೋಗಿ ಇನ್ನೊಂದು ಪಾತ್ರೆ ತಂದು ಉಳಿದ ಗಿಡಗಳ ಬುಡಕ್ಕೆ ಸುರಿದರು. ಅಕ್ಕಚ್ಚು! ಅಕ್ಕಿ ತೊಳೆದ ನೀರು. ನನ್ನ ಲ್ಯಾವೆಂಡರ್ ಕೊಂದದ್ದು ಅಕ್ಕಚ್ಚು. ಹಣೆ ಹಣೆ ಬಡಿದುಕೊಂಡೆ. ಇಳಿದು ಹೋಗಿ ಜಗಳ ತೆಗೆಯೋಣ ಎಂದು ಲಾರಿಯ ಬಾಗಿಲಿಗೆ ಕೈ ಹಾಕಿದೆ.

ಅಷ್ಟರಲ್ಲಿ ಅವರು ಬಾಗಿಲ ಪಕ್ಕದಲ್ಲಿದ್ದ ಕೊಡೆ ತೆಗೆದುಕೊಂಡು, ಅದರ ಬಾಗಿದ ಹಿಡಿಯಿಂದ ಎತ್ತರದ ಕೊಂಬೆ ಎಳೆದು ಹೂ ಕೀಳತೊಡಗಿದರು. ಎಳೆದರೆ ಹೂವೆಲ್ಲ ಅವರ ಮುಖದ ಎತ್ತರಕ್ಕೇ ಬರುತ್ತಿದ್ದವು. ಒಂದು ದೊಡ್ಡ ಕೆಂಪು ಹೂ ಕೈತಪ್ಪಿ ನೆಲಕ್ಕೆ ಬಿತ್ತು. ಅವರು ಅದನ್ನೇ ನೋಡಿದರು. ಗೋಡೆಗೆ ಕೈ ಕೊಟ್ಟು ಬಗ್ಗಲು ಹೋದರು. ಅರ್ಧಕ್ಕೆ ನಿಂತರು. ಮುಖ ಕಿವುಚಿ, ಮೆಲ್ಲಗೆ ನೆಟ್ಟಗಾದರು. ಬಿದ್ದ ಹೂವನ್ನು ತುಳಿಯದ ಹಾಗೆ ಸುತ್ತಿ ಬಳಸಿ ನಡೆದು ಬಾಗಿಲ ಹತ್ತಿರ ಹೋದರು.

ರಸ್ತೆ ದಾಟಿ ಹೋಗಿ, ಆ ಹೂ ಎತ್ತಿ ಅವರ ಕೈಗಿಟ್ಟೆ.

"ಎಲ್ಲಿಂದ ಬಂದ್ಯವ್ವ ನೀನು?" ಎಂದರು ಗಾಬರಿಯಿಂದ.

"ಎಷ್ಟು ದಿನದಿಂದ ಅಮ್ಮಾ ಈ ಮಂಡಿ ನೋವು?"

ಅವರು ಆಚೆ ಈಚೆ ನೋಡಿದರು. "ಎರಡು ವರ್ಸ ಆಯ್ತು. ಮೆತ್ಗೆ ಮಾತಾಡು. ನಮ್ ಸುಜಾತಂಗೆ ಹೇಳ್ಬ್ಯಾಡ ಕಣವ್ವ."

"ಅವರೇ ಡಾಕ್ಟ್ರಲ್ವಾ ಅಮ್ಮಾ!"

"ಅದ್ಕೇ ಹೇಳ್ಬ್ಯಾಡ ಅನ್ನಾದು. ಗೊತ್ತಾದ್ರೆ ಮಕ್ಳ ಎತ್ಬೇಡ ಅಂತಾಳೆ, ಡೇಕೇರಿಗೆ ಹಾಕ್ಬುಡ್ತಾಳೆ. ಮಕ್ಳೂ ಇಲ್ಲ ಅಂದ್ಮೇಲೆ ನನ್ಗೇನೈತೆ ಇಲ್ಲಿ ಕೆಲ್ಸ? ಈ ಗಿಡ ಎತ್ರ ಇದ್ರೆ ನಿಂತ್ಕಂಡೇ ಕೀಳ್ತೀನಿ. ಶನಿವಾರ ಹೂ ತಗಂಡೋದ್ರೆ ಪೂಜಾರಪ್ಪ ನಿಂಗಮ್ಮ ಬಂದ್ರು ಅಂತ ಹೆಸ್ರಿಡಿದು ಕರೀತಾನೆ. ಈ ದೇಸ್ದಾಗೆ ನನ್ನ ಹೆಸ್ರಿಡಿದು ಕರೆಯೋನು ಅವ್ನೊಬ್ನೆ."

ಅಯ್ಯೋ ದೇವರೆ ಅನಿಸಿತು. ನಾನು ಕತ್ತರಿ ಹಿಡಿದು ಭಾಷಣ ಬಿಗಿದದ್ದು ಇಂಥವರ ಮುಂದೆ. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಟ್ಟೆ. ಆಮೇಲೆ, "ಅಲ್ಲ, ನೀರು ಹಾಕಲ್ಲ ಅಂದಿದ್ರಲ್ಲ?" ಎಂದೆ.

"ಅದು ನೀರಲ್ಲ ಕಣವ್ವ, ಅಕ್ಕಚ್ಚು!" ಎಂದರು, ನನಗೇ ಬುದ್ಧಿಯಿಲ್ಲ ಎಂಬ ಹಾಗೆ. "ಊರಾಗಿದ್ರೆ ಎಮ್ಮೆಗೆ ಹಾಕ್ತಿದ್ದೆ. ಇಲ್ಲಿ ಎಮ್ಮೆ ಎಲ್ಲೈತೆ? ಸಿಂಕಿಗೆ ಸುರಿಯಕ್ಕೆ ಮನ್ಸು ಬರಾಕಿಲ್ಲ."

ನರ್ಸರಿಗೆ ಬಂದು ರೂತ್‌ಗೆ ಮಂಡಿಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅಕ್ಕಚ್ಚು ಅಂದರೇನು ಎಂದು ತಿಳಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ದಿನಕ್ಕೆ ಎರಡು ಪಾತ್ರೆ ಅಕ್ಕಚ್ಚು ಕುಡಿದು, ಗುಲಾಬಿಯ ನೆರಳಿನಲ್ಲಿ ಸಂತೋಷವಾಗಿರುವ ಗಿಡ ಯಾವುದು ಎಂದು ಇಬ್ಬರೂ ಕೂತು ಯೋಚಿಸಿದೆವು. ಕೊನೆಗೆ ಅವಳೇ ವಯೊಲೆಟ್ ಎಂದಳು. ಹೃದಯದಾಕಾರದ ಎಲೆ, ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ, ತೇವ ಇದ್ದಷ್ಟೂ ಹಿಗ್ಗು, ಚಳಿ ಮುಗಿಯುವ ಹೊತ್ತಿಗೆ ಎಲೆಯ ಮರೆಯಲ್ಲಿ ನೇರಳೆ ಬಣ್ಣದ ಸಣ್ಣ ಹೂ. ಅಷ್ಟಕ್ಕೇ ರೂತ್ ಸುಮ್ಮನಾಗಲಿಲ್ಲ. ಹೊಸ ಗಿರಾಕಿಗಳು ತುಂಬಿಕೊಡುವ ಹಾಳೆಯ ಕೊನೆಗೆ ಒಂದು ಪ್ರಶ್ನೆ ಸೇರಿಸಿದಳು: ನಿಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಬ್ರೆಡ್ಡು ತಿನ್ನುವ ಗಿರಾಕಿಗಳು ಆ ಪ್ರಶ್ನೆ ಓದಿ ಕಕ್ಕಾಬಿಕ್ಕಿಯಾಗುವುದನ್ನು ನೋಡುವುದೇ ನನಗೆ ಎಷ್ಟೋ ವರ್ಷ ಮನರಂಜನೆಯಾಗಿತ್ತು.

ವಯೊಲೆಟ್ ನೆಡಲು ಹೋದ ದಿನ ಸುಜಾತ ರಜೆ ಹಾಕಿ ಮನೆಯಲ್ಲಿದ್ದರು. ಎರಡು ಸಲ ಗಿಡ ಸತ್ತು ಅವರಿಗೆ ಬೇಜಾರಾಗಿತ್ತು. ಅಸೋಸಿಯೇಷನ್ನಿನಿಂದ ಎರಡನೆಯ ಕಾಗದವೂ ಬಂದಿತ್ತಂತೆ. "ಇದೆಲ್ಲ ತಲೆನೋವೇ ಬೇಡ ಜಯಕ್ಕ, ಕಟ್ ಮಾಡ್ಬಿಡೋಣ" ಎಂದು ನನ್ನ ಬುಟ್ಟಿಯಿಂದ ದೊಡ್ಡ ಕತ್ತರಿ ತೆಗೆದುಕೊಂಡು ತಾವೇ ಒಂದು ಕೊಂಬೆಗೆ ಇಟ್ಟರು. ನಿಂಗಮ್ಮನವರು ಬಾಗಿಲಲ್ಲಿ ನಿಂತಿದ್ದರು. ಈ ಸಲ ಮಡಗವ್ವ ಅನ್ನಲಿಲ್ಲ. ಮಗಳ ಮನೆ, ಮಗಳ ಗಿಡ, ಮಗಳ ಕೈಯಲ್ಲೇ ಕತ್ತರಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು. ನನಗೆ ನೋಡಲಾಗಲಿಲ್ಲ.

"ಬೇಡಾರೀ! ಕತ್ತರಿಸಿದ್ರೆ ಅವರಿಗೆ ಬಗ್ಗೋಕಾಗಲ್ಲ!"

ಬಾಯಿಂದ ಜಾರಿಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಜಾತ ಕತ್ತರಿ ಕೆಳಗಿಟ್ಟು ತಾಯಿಯ ಹತ್ತಿರ ಹೋದರು. ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಸೀರೆಯ ಮೇಲಿಂದಲೇ ಮಂಡಿ ಒತ್ತಿದರು. ನಿಂಗಮ್ಮ ಹಾ ಎಂದು ತುಟಿ ಕಚ್ಚಿದರು.

"ಎಷ್ಟು ದಿನದಿಂದ ಅವ್ವ?"

"ನೆನ್ನೆ ಮೊನ್ನೆಯಿಂದ ಕಣೆ."

"ಅವ್ವಾ."

"ಎರಡು ವರ್ಸ."

ಸುಜಾತ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ದಿನಾ ಊರವರ ಮಂಡಿಯೆಲ್ಲ ಒತ್ತಿ ನೋಡ್ತೀನಿ ಜಯಕ್ಕ. ಇವಳು ನೆಲದ ಮೇಲೆ ಕೂತು ಎಷ್ಟು ದಿನ ಆಯ್ತು ಅಂತ ನಾನು ನೋಡೇ ಇಲ್ಲ" ಎಂದು ಅತ್ತರು. ದೀಪದ ಬುಡದಲ್ಲೇ ಕತ್ತಲು ಎಂದು ಸುಮ್ಮನೆ ಹೇಳುವುದಿಲ್ಲ. ನಿಂಗಮ್ಮನವರು ಮಗಳ ತಲೆಯ ಮೇಲೆ ಕೈಯಿಟ್ಟು, ಅವಳ ತಲೆಯ ಮೇಲಿಂದ ನನ್ನನ್ನು ನೋಡಿದರು. ಆ ನೋಟ ನಾನು ಮರೆಯುವುದಿಲ್ಲ. "ಸಡಿಲ ಬಾಯೋಳು" ಎಂದರು. ಅಷ್ಟೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗುಲಾಬಿಗೆ ಯಾರೂ ಕತ್ತರಿ ಹಾಕಲಿಲ್ಲ. ನಾನು ಸದ್ದಿಲ್ಲದೆ ವಯೊಲೆಟ್ ನೆಟ್ಟು ಬಂದೆ. ಈ ಸಲ ನಿಂಗಮ್ಮನವರು ನಿಲ್ಲುವ ಜಾಗದಲ್ಲಿ ನಾನೂ ನಿಂತು, ಪಾತ್ರೆಯಿಂದ ಸುರಿದರೆ ನೀರು ಎಲ್ಲಿಗೆ ಬೀಳುತ್ತದೆ ಎಂದು ನೋಡಿ, ಅವರು ಕಾಲಿಡುವ ಕಡೆ ನಾಲ್ಕು ಚಪ್ಪಟೆ ಕಲ್ಲು ಹಾಸಿ ನೆಟ್ಟೆ. ನೀರು ಹಾಕುವವರು ನಿಲ್ಲುವ ಜಾಗ. ನಾನು ಹೇಳಿದ ನಾಲ್ಕನೆಯ ಕಡೆ ಅದೇ. ಅಕ್ಕಚ್ಚು ಕುಡಿದ ವಯೊಲೆಟ್ ಎಂಥ ಸೊಕ್ಕಿನಿಂದ ಹಬ್ಬಿತು ಅಂದರೆ, ಬೇಸಿಗೆ ಮುಗಿಯುವ ಹೊತ್ತಿಗೆ ಎಂಟೂ ಗಿಡದ ಬುಡ ಹಸಿರಿನಲ್ಲಿ ಮುಚ್ಚಿಹೋಯಿತು. ಅಸೋಸಿಯೇಷನ್ನಿನವರು ಬಂದು ನೋಡಿ, ತೃಪ್ತಿಯಾಯಿತೆಂದು ಕಾಗದ ಬರೆದರಂತೆ. ರೂತ್ ನನ್ನ ಬೆನ್ನು ತಟ್ಟಿದಳು. ಬೇರೆ ಯಾರ ಮನೆಯಾಗಿದ್ದರೂ ನಾನು ಹಬ್ಬ ಮಾಡುತ್ತಿದ್ದೆ.

ಆದರೆ ನಿಂಗಮ್ಮನವರು ಹೆದರಿದ್ದೇ ಆಯಿತು. ಮಕ್ಕಳಿಬ್ಬರನ್ನೂ ಡೇಕೇರಿಗೆ ಹಾಕಿದರು. ಅದನ್ನು ಕೇಳಿ ಎರಡು ದಿನ ನನಗೆ ಊಟ ಸೇರಲಿಲ್ಲ. ದೇವಸ್ಥಾನದಲ್ಲಿ ಎರಡು ಸಲ ಎದುರು ಸಿಕ್ಕಾಗಲೂ ಅವರು ಮುಖ ತಿರುಗಿಸಿಕೊಂಡರು. ಕೊಟ್ಟ ಮಾತಿಗೆ ತಪ್ಪಿದವಳು ನಾನು, ಯಾರ ಮೇಲೆ ಸಿಟ್ಟು ಮಾಡಲಿ? ನಮ್ಮ ಮನೆಯವರು, "ಒಳ್ಳೇದೇ ಆಯ್ತಲ್ಲ ಬಿಡು, ಚಿಕಿತ್ಸೆ ಆಗತ್ತೆ" ಎಂದರು. ಒಳ್ಳೆಯದಾಯಿತು, ನಿಜ. ಆ ಒಳ್ಳೆಯದನ್ನು ಹೇಳುವ ಹಕ್ಕು ನನ್ನದಾಗಿರಲಿಲ್ಲ ಎಂಬುದೂ ನಿಜ. ಹುಡುಗಿ, ನಮ್ಮ ಕೆಲಸದಲ್ಲಿ ಜನರ ಬಾಗಿಲ ಮುಂದೆಯೇ ದಿನವೆಲ್ಲ ಇರುತ್ತೇವೆ. ಬೇಡವೆಂದರೂ ಎಷ್ಟೋ ಕಾಣುತ್ತದೆ. ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ನಾನು ಕಲಿತದ್ದು ಆಮೇಲೆ.

ಚಳಿಗಾಲದ ಶುರುವಿಗೆ ನಿಂಗಮ್ಮನವರ ಒಂದು ಮಂಡಿಗೆ, ಮುಂದಿನ ವರ್ಷ ಇನ್ನೊಂದಕ್ಕೆ ಆಪರೇಷನ್ ಆಯಿತೆಂದು ಅವರಿವರಿಂದ ಕೇಳಿದೆ. ನೋಡಲು ಹೋಗುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಡಾಟ್‌ಕಾಮ್ ಸಂಭ್ರಮವೆಲ್ಲ ಇಳಿದು, ಶನಿವಾರಕ್ಕೇ ತೋಟ ಬೇಕು ಎನ್ನುವ ಹುಡುಗರು ನರ್ಸರಿಗೆ ಬರುವುದು ನಿಂತಿತ್ತು. ಬಂದವರೂ ನಾಲ್ಕು ಟೊಮೇಟೊ ಸಸಿ ಕೊಂಡು ಹೋಗುತ್ತಿದ್ದರು. ಆಮೇಲೊಂದು ಜನವರಿಯ ಬೆಳಿಗ್ಗೆ ನರ್ಸರಿಗೆ ಫೋನು ಬಂತು. ರೂತ್ ನನ್ನ ಕೈಗೆ ಕೊಟ್ಟಳು.

"ಏನೇ ಸಡಿಲ ಬಾಯೋಳೆ, ಸತ್ತಾ ಬದುಕಿದ್ದೀಯಾ?"

"ಇದೀನಿ ಅಮ್ಮಾ."

"ಕತ್ರಿ ತಗಂಡ್ ಬಾ."

ಹೋದೆ. ಅವರು ಗೋಡೆ ಹಿಡಿಯದೆ, ಕೋಲೂರಿಕೊಂಡು ಬಾಗಿಲಿಂದ ಇಳಿದು ಬಂದರು. ಮಕ್ಕಳು ಹೇಗಿದ್ದಾರೆ ಎಂದು ಕೇಳಲೋ ಬೇಡವೋ ಎಂದು ಹಿಂಜರಿಯುತ್ತಿದ್ದೆ. ಅವರೇ ಹೇಳಿದರು. "ಡೇಕೇರಿಗೆ ಹೋಗ್ತವೆ. ಮಧ್ಯಾನ ನಾನೇ ನಡ್ಕಂಡ್ ಹೋಗಿ ಕರ್ಕಂಡ್ ಬತ್ತೀನಿ. ಅಲ್ಲಿ ಬಾಗ್ಲಲ್ಲಿ ಕೂತಿರ್ತದಲ್ಲ ಆ ಹುಡ್ಗಿ, ನಿಂಗಾಮಾ, ನಿಂಗಾಮಾ ಅಂತದೆ. ಎಷ್ಟು ಹೇಳ್ಕೊಟ್ರೂ ನಾಲ್ಗೆ ತಿರ್ಗಾಕಿಲ್ಲ ಕತ್ತೆಮುಂಡೇದುಕ್ಕೆ." ಬೈಗುಳದಲ್ಲಿ ಅಷ್ಟು ಪ್ರೀತಿ ನಾನು ಕೇಳಿರಲಿಲ್ಲ.

ಎಂಟೂ ಗುಲಾಬಿಯನ್ನು ಮಂಡಿಯೆತ್ತರಕ್ಕೆ ಕತ್ತರಿಸಿದೆ. ಒಂದೊಂದು ಕೊಂಬೆ ಬಿದ್ದಾಗಲೂ ಅವರು "ಅಯ್ಯಯ್ಯೋ, ಮೆಲ್ಲಗೆ" ಎನ್ನುತ್ತಿದ್ದರು, ತಡೆಯಲಿಲ್ಲ. ಕಡ್ಡಿಗಳೆಲ್ಲ ಹೋದ ಮೇಲೆ ಬುಡದ ವಯೊಲೆಟ್‌ಗೆ ಬೆಳಕು ಬಿತ್ತು. ಅವರು ಕೋಲನ್ನು ಗೋಡೆಗೆ ಒರಗಿಸಿ, ನನ್ನ ಭುಜಕ್ಕೆ ಒಂದು ಕೈ ಕೊಟ್ಟು, ಮೆಲ್ಲಗೆ, ಬಲು ಮೆಲ್ಲಗೆ ಬಗ್ಗಿದರು. ಬೆರಳು ಎಲೆಗೆ ತಾಗಿತು. ಎಲೆ ಸರಿಸಿದರು.

"ಲೇ, ಇಲ್ಲಿ ಹೂ ಬುಟ್ಟವೆ!"

"ಬಿಡ್ತವೆ ಅಮ್ಮಾ, ಈ ಕಾಲದಲ್ಲಿ."

"ಹೋದ್ ವರ್ಸಾನೂ ಬುಟ್ಟಿದ್ವಾ?"

"ಬಿಟ್ಟಿರ್ತವೆ."

ದಿನಾ ಎರಡು ಪಾತ್ರೆ ಸುರಿದು ಸಾಕಿದ ಹೂವನ್ನು ಅವರು ಕಂಡದ್ದೇ ಅಂದು. ನಾನು ಅದನ್ನು ಬೀದಿಯವರಿಗೆ ಕಾಣಲೆಂದು ನೆಟ್ಟಿದ್ದೆ. ಎಲೆಯ ಮರೆಯಲ್ಲಿದ್ದ ನಾಲ್ಕು ಹೂ ಕಿತ್ತು, ನೆಟ್ಟಗಾಗಿ, ಮೂರನ್ನು ದೇವರಿಗೆಂದು ಸೆರಗಿನಲ್ಲಿಟ್ಟುಕೊಂಡರು. ನಾಲ್ಕನೆಯದನ್ನು ನನ್ನ ಕಡೆ ಚಾಚಿದರು.

"ಆ ಟೊಪ್ಪಿ ತೆಗಿ ಅತ್ಲಾಗೆ. ಮುಡ್ಕೊ."

ಮುಡಿದುಕೊಂಡೆ. ಕಣ್ಣೊರೆಸಿಕೊಂಡು ಕತ್ತರಿ ಬುಟ್ಟಿಗೆ ಹಾಕುತ್ತಿದ್ದಾಗ ಅವರು ಕೋಲಿನಿಂದ ಗುಲಾಬಿಯ ಸಾಲಿನ ಮೂಲೆ ತೋರಿಸಿದರು. ಅಲ್ಲಿ ಎರಡು ಮೊಳದಷ್ಟು ನೆಲ ಖಾಲಿ ಇತ್ತು.

"ಅಲ್ಲಿ ಒಂದೀಟು ಸೊಪ್ಪು ಹಾಕ್ಕೊಡು. ದಂಟು, ಮೆಂತ್ಯ ಏನಾರ ಆಗ್ಲಿ" ಎಂದರು. "ಇನ್ನು ನಾನೇ ಬಗ್ಗಿ ಕಿತ್ಕತೀನಿ."